ತೂಗುಬುಟ್ಟಿಯಲ್ಲಿ ಸೀತಾಳೆಯ ಸಸಿ

ಮಲೆನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ಸೀತಾಳೆಯ ದಂಡೆಯನ್ನು ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. ಮುಂಗಾರು ಇನ್ನೇನು ಹಿಡಿಯಿತು ಎನ್ನುವ ದಿನಗಳಲ್ಲಿ, ಮಾವಿನದೋ ಹಲಸಿನದೋ ಮುದಿಕೊಂಬೆಯ ಮೇಲಿನಿಂದ, ಬಿಳಿಯ ಮೈಗೆ ನೇರಿಳೆ ಬಣ್ಣದ ಚುಕ್ಕೆಯಿಟ್ಟ ನೂರಾರು ಪುಟ್ಟ ಹೂಗಳು ಒತ್ತೊತ್ತಾಗಿ ಸೇರಿ, ಹೆಣೆದ ಜಡೆಯ ಹಾಗೆ ಇಳಿಬಿದ್ದಿರುತ್ತವೆ. ಆ ದಂಡೆಯನ್ನು ಯಾರೂ ಕಟ್ಟಬೇಕಾಗಿಲ್ಲ. ಅದು ಕಟ್ಟಿಕೊಂಡೇ ಹುಟ್ಟುತ್ತದೆ. ವನವಾಸದಲ್ಲಿದ್ದಾಗ ಸೀತಾದೇವಿ ಮುಡಿದ ಹೂವೆಂದು ಜನರ ನಂಬಿಕೆ. ಹೆಸರು ಬಂದದ್ದೂ ಹಾಗೆಯೇ ಎನ್ನುತ್ತಾರೆ. ನಮ್ಮಿಂದ ಬಹುದೂರದ ಅಸ್ಸಾಮಿನ ಹೆಣ್ಣುಮಕ್ಕಳು ಬಿಹು ಹಬ್ಬದ ಕುಣಿತಕ್ಕೆ ಮುಡಿಯುವುದೂ ಇದೇ ಹೂವನ್ನು. ಅಲ್ಲಿ ಇದು ರಾಜ್ಯಪುಷ್ಪ. ಸಸ್ಯಶಾಸ್ತ್ರಜ್ಞರು ಇದನ್ನು ರಿಂಕೋಸ್ಟೈಲಿಸ್ ರೆಟ್ಯೂಸಾ ಎಂದು ಕರೆದು, ಆರ್ಕಿಡ್ ಎಂಬ ಬಹು ದೊಡ್ಡ ಕುಟುಂಬಕ್ಕೆ ಸೇರಿಸಿದ್ದಾರೆ.

ನಮ್ಮ ಮನೆಯ ಹಿತ್ತಿಲಾಚೆ, ರಸ್ತೆಯ ಅಂಚಿನಲ್ಲಿ, ಒಂದು ಹಳೆಯ ಮಾವಿನಮರವಿತ್ತು. ಅದರ ಕವಲುಗಳಲ್ಲಿ ನಾಲ್ಕಾರು ಸೀತಾಳೆಯ ಗಿಡಗಳಿದ್ದುವು. ನಮ್ಮ ತಾಯಿಯವರು ಇರುವ ತನಕ ಪ್ರತಿವರ್ಷವೂ ಮೊದಲ ದಂಡೆ ದೇವರ ಪಟಕ್ಕೆ, ಎರಡನೆಯದು ಮನೆಯ ಹೆಣ್ಣುಮಕ್ಕಳ ತಲೆಗೆ ಎಂದು ಗೊತ್ತಾಗಿತ್ತು. ರಸ್ತೆಯನ್ನು ಅಗಲ ಮಾಡಬೇಕಾಗಿ ಬಂದು ಆ ಮರ ಹೋಯಿತು. ರಸ್ತೆ ಬೇಡವೆನ್ನಲು ನನಗೆ ಬಾಯಿಲ್ಲ. ಶಾಲೆಗೆ ಹೋಗಲು ನಾನೂ ಅದನ್ನೇ ತುಳಿಯುತ್ತೇನೆ. ಆದರೆ ಮರುವರ್ಷ ಮೇ ತಿಂಗಳಲ್ಲಿ ನನ್ನ ಮಗಳು, “ಅಪ್ಪಾ, ಈ ಸಲ ಅಜ್ಜಿಯ ಹೂವಿಲ್ಲವಾ?” ಎಂದು ಕೇಳಿದಳು. ಆ ವಾರವೇ ಸಂತೆಯಲ್ಲಿ ಒಬ್ಬಾತ ಕಾಡಿನಿಂದ ಕಿತ್ತು ತಂದ ಸೀತಾಳೆಯ ಗಿಡಗಳನ್ನು ಗೋಣಿಯ ಮೇಲೆ ಹರಡಿಕೊಂಡು ಕುಳಿತಿದ್ದ. ಹಿಂದುಮುಂದು ನೋಡದೆ ಒಂದನ್ನು ಕೊಂಡು ತಂದೆ. ತೊಗಟೆಯಿಂದ ಹರಿದೆಬ್ಬಿಸಿದ ಗಿಡ ಅದು, ಬೇರುಗಳೆಲ್ಲ ತುಂಡಾಗಿದ್ದುವು. ಎಲೆಗಳು ಒಂದೊಂದಾಗಿ ಸುಕ್ಕಿ ಮೂರು ತಿಂಗಳಲ್ಲಿ ಅದು ಸತ್ತಿತು. ನಾನು ಕೊಟ್ಟ ಹಣ ಮಾತ್ರ ಇನ್ನೊಂದು ಗೋಣಿ ತುಂಬಿಸುವುದಕ್ಕೆ ಪ್ರೋತ್ಸಾಹವಾಗಿರಬೇಕು. ಆ ನಾಚಿಕೆಯಿಂದಲೇ ನಾನು ಬೀಜದಿಂದ ಹುಟ್ಟಿದ ಸಸಿಗಳ ಕಡೆಗೆ ತಿರುಗಿದೆನೆಂದು ಹೇಳಬೇಕು. ಅವುಗಳನ್ನು ತೂಗುಬುಟ್ಟಿಯಲ್ಲಿ ಸಾಕುವ ಬಗೆಯನ್ನು, ಹಲವು ಸಸಿಗಳನ್ನು ಕೊಂದು ಕಲಿತದ್ದನ್ನು, ಇಲ್ಲಿ ಹೇಳಲಿದ್ದೇನೆ.

ಮೊದಲು ಒಂದು ಅಪವಾದವನ್ನು ತೊಡೆದುಹಾಕಬೇಕು. ತರಗತಿಯಲ್ಲಿ ಒಬ್ಬ ಹುಡುಗ ನನ್ನನ್ನು ಕೇಳಿದ: “ಸಾರ್, ಸೀತಾಳೆ ಮರದ ರಸ ಕುಡಿದು ಬದುಕುತ್ತದಂತೆ, ಹೌದಾ?” ಅವನ ತಪ್ಪಲ್ಲ, ಭಾಷೆಯಲ್ಲಿಯೇ ಈ ಗೊಂದಲವುಂಟು. ಅಮರಕೋಶದಲ್ಲಿ ವಂದಾ ಎಂಬ ಗಿಡಕ್ಕೆ ಪರ್ಯಾಯವಾಗಿ ವೃಕ್ಷಾದನೀ ಎಂಬ ಹೆಸರೂ ವೃಕ್ಷರುಹಾ ಎಂಬ ಹೆಸರೂ ಒಟ್ಟೊಟ್ಟಿಗೆ ಬರುತ್ತವೆ. ಮೊದಲನೆಯದರ ಅರ್ಥ ಮರವನ್ನು ತಿನ್ನುವಂಥದು. ಎರಡನೆಯದರ ಅರ್ಥ ಮರದ ಮೇಲೆ ಬೆಳೆಯುವಂಥದು. ಇವೆರಡೂ ಒಂದೇ ಅಲ್ಲ. ನಮ್ಮ ಬದನಿಕೆ ವೃಕ್ಷಾದನಿಯೇ ಸರಿ. ಅದು ಕೊಂಬೆಯೊಳಕ್ಕೆ ಬೇರನ್ನು ಚುಚ್ಚಿ ಮರದ ನೀರನ್ನು ಕದಿಯುತ್ತದೆ. ಸೀತಾಳೆಯಾದರೋ ಬರಿಯ ವೃಕ್ಷರುಹ. ಕೊಂಬೆಯ ಮೇಲೆ ಕುಳಿತುಕೊಳ್ಳುವುದಕ್ಕೆ ಅದಕ್ಕೆ ಎಡೆ ಬೇಕು, ಅಷ್ಟೆ, ಊಟ ಬೇಡ. ಸ್ವೀಡನ್ನಿನ ಲಿನೇಯಸ್ ೧೭೫೩ರಲ್ಲಿ ಈ ಗಿಡಕ್ಕೆ ಹೆಸರಿಡುವಾಗ ಮೊದಲು ಎಪಿಡೆಂಡ್ರಮ್ ಎಂದು ಕರೆದ. ಗ್ರೀಕ್ ಭಾಷೆಯ ಆ ಮಾತಿಗೆ ‘ಮರದ ಮೇಲಿನದು’ ಎಂದೇ ಅರ್ಥ. ನಮ್ಮ ಕೋಶಕಾರನ ವೃಕ್ಷರುಹವೇ ಅಲ್ಲಿ ವೇಷ ಬದಲಿಸಿ ನಿಂತ ಹಾಗಿದೆ. ಇನ್ನು ವಂದಾ ಶಬ್ದವನ್ನು ಕಲ್ಕತ್ತೆಯಲ್ಲಿದ್ದ ಸರ್ ವಿಲಿಯಂ ಜೋನ್ಸ್ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಎತ್ತಿಕೊಂಡು, ಸೀತಾಳೆಯ ಹತ್ತಿರದ ನೆಂಟನಾದ ಇನ್ನೊಂದು ಆರ್ಕಿಡ್ಡಿಗೆ ಇಟ್ಟರು. ಇಂದಿಗೂ ಜಗತ್ತಿನಾದ್ಯಂತ ತೋಟಗಾರರು ಆ ಜಾತಿಯನ್ನು ವಾಂಡ ಎಂದೇ ಕರೆಯುತ್ತಾರೆ. ತಾವು ಸಂಸ್ಕೃತ ಮಾತಾಡುತ್ತಿದ್ದೇವೆಂದು ಅವರಲ್ಲಿ ಎಷ್ಟು ಮಂದಿಗೆ ಗೊತ್ತೋ!

ಇದು ಪಂಡಿತನ ಹರಟೆಯಾಯಿತು ಎನ್ನಬೇಡಿ. ಮರದ ಮೇಲೆ ಬೆಳೆಯುತ್ತದೆ, ಆದರೆ ಮರದಿಂದ ಏನನ್ನೂ ಪಡೆಯುವುದಿಲ್ಲ ಎಂಬ ಈ ಒಂದು ಮಾತು ಮನಸ್ಸಿಗೆ ಹತ್ತಿದರೆ ತೂಗುಬುಟ್ಟಿಯ ವಿದ್ಯೆ ಮುಕ್ಕಾಲು ಪಾಲು ಹತ್ತಿದಂತೆ. ನಾನು ಅದನ್ನು ಬಾಯಲ್ಲಿ ಹೇಳುತ್ತಿದ್ದೆನೇ ಹೊರತು ಕೈಯಲ್ಲಿ ತಿಳಿದಿರಲಿಲ್ಲ.

ಬೀಜದ ವಿಷಯವನ್ನು ಸ್ವಲ್ಪ ಹೇಳಬೇಕು. ಸಸಿ ಸೀಸೆಯಲ್ಲಿ ಏಕೆ ಬರುತ್ತದೆಂಬುದು ಇಲ್ಲದಿದ್ದರೆ ಅರ್ಥವಾಗದು. ಆರ್ಕಿಡ್ಡಿನ ಒಂದು ಕಾಯಿಯಲ್ಲಿ ಸಾವಿರಗಟ್ಟಲೆ, ಕೆಲವು ಜಾತಿಗಳಲ್ಲಿ ಲಕ್ಷಗಟ್ಟಲೆ ಬೀಜಗಳಿರುತ್ತವೆ. ಕಾಯಿ ಬಿರಿದಾಗ ಅವು ನಶ್ಯದ ಪುಡಿಯ ಹಾಗೆ ಗಾಳಿಗೆ ಹಾರಿಹೋಗುತ್ತವೆ. ಅವರೆಯ ಬೀಜದಲ್ಲಿ, ಭತ್ತದ ಕಾಳಿನಲ್ಲಿ, ಮರಿಗಿಡಕ್ಕೆಂದು ತಾಯಿ ಕಟ್ಟಿಕೊಟ್ಟ ಬುತ್ತಿಯಿರುತ್ತದೆ. ಸೀತಾಳೆಯ ಬೀಜಕ್ಕೆ ಬುತ್ತಿಯೇ ಇಲ್ಲ. ಬರಿಗೈಯಲ್ಲಿ ಊರು ಬಿಟ್ಟ ಆ ಬೀಜಕ್ಕೆ ತೊಗಟೆಯ ಮೇಲಿರುವ ಒಂದು ಬಗೆಯ ಶಿಲೀಂಧ್ರ ಅನ್ನವಿಕ್ಕಬೇಕು. ಅದು ಸಿಕ್ಕರೆ ಮೊಳೆಯುತ್ತದೆ, ಸಿಕ್ಕದಿದ್ದರೆ ಇಲ್ಲ. ಈ ಗುಟ್ಟನ್ನು ಫ್ರಾನ್ಸಿನ ನೋಯೆಲ್ ಬರ್ನಾರ್ ಎಂಬ ತರುಣ ವಿಜ್ಞಾನಿ ೧೮೯೯ರಲ್ಲಿ ಕಂಡುಹಿಡಿದ. ಅದಕ್ಕೆ ಮೊದಲು ಯೂರೋಪಿನ ತೋಟಗಾರರು ತಾಯಿಗಿಡದ ಬುಡದಲ್ಲಿಯೇ ಬೀಜ ಉದುರಿಸಿ, ಹತ್ತು ಮೊಳೆತರೆ ಪುಣ್ಯವೆಂದುಕೊಳ್ಳುತ್ತಿದ್ದರು. ಆಮೇಲೆ ೧೯೨೨ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಲೂಯಿಸ್ ನಡ್ಸನ್ನರು ಶಿಲೀಂಧ್ರದ ಸಹಾಯವೂ ಬೇಡವೆಂದು ತೋರಿಸಿದರು. ಕಡಲಪಾಚಿಯಿಂದ ತೆಗೆದ ಅಗರ್ ಎಂಬ ಲೋಳೆಯಲ್ಲಿ ಸಕ್ಕರೆಯನ್ನೂ ಕೆಲವು ಲವಣಗಳನ್ನೂ ಬೆರೆಸಿ, ಕ್ರಿಮಿಶುದ್ಧವಾದ ಗಾಜಿನ ಸೀಸೆಯಲ್ಲಿ ಇಟ್ಟು, ಅದರ ಮೇಲೆ ಬೀಜ ಬಿತ್ತಿ ಬಿರಡೆ ಹಾಕಿದರು, ಬೀಜ ಮೊಳೆಯಿತು. ತಾಯಿ ಕಟ್ಟದ ಬುತ್ತಿಯನ್ನು ಮನುಷ್ಯ ಕಟ್ಟಿಕೊಟ್ಟ.

ಈಗ ನಮ್ಮ ದೇಶದಲ್ಲಿಯೂ ಸರ್ಕಾರದ ಮತ್ತು ಖಾಸಗಿಯ ಪ್ರಯೋಗಶಾಲೆಗಳಲ್ಲಿ ಈ ಕೆಲಸ ನಡೆಯುತ್ತದೆ. ಆರ್ಕಿಡ್ಡುಗಳಿಗಾಗಿಯೇ ಸಿಕ್ಕಿಮಿನ ಪಾಕ್ಯೋಂಗಿನಲ್ಲಿ ೧೯೯೬ರಲ್ಲಿ ಒಂದು ರಾಷ್ಟ್ರೀಯ ಸಂಶೋಧನ ಕೇಂದ್ರವೇ ಸ್ಥಾಪಿತವಾಯಿತು. ಒಂದು ಸೀಸೆಯಲ್ಲಿ ಇಪ್ಪತ್ತು ಮೂವತ್ತು ಸಸಿಗಳು ಬರುವುದುಂಟು. ಒಂದು ಕಾಯಿಯಿಂದ ಒಂದು ಊರಿಗೆ ಸಾಕಾಗುವಷ್ಟು ಸಸಿ ಮಾಡಬಹುದು. ಕಾಡಿನ ಒಂದು ಬೇರನ್ನೂ ಹರಿಯಬೇಕಾಗಿಲ್ಲ. ಕೊಳ್ಳುವವರು ಸೀಸೆಯ ಸಸಿಯೇ, ಇಲ್ಲವೆ ಸೀಸೆಯಿಂದ ತೆಗೆದು ಬೆಳೆಸಿದ ಸಸಿಯೇ ಎಂದು ವಿಚಾರಿಸಿಕೊಂಡು ಕೊಳ್ಳಬೇಕು. ಎಲೆಯಲ್ಲಿ ಹಳೆಯ ಗಾಯಗಳು, ಬೇರಿನಲ್ಲಿ ತೊಗಟೆಯ ಚೂರುಗಳು ಅಂಟಿಕೊಂಡಿದ್ದರೆ ಅದು ಕಾಡಿನ ಗಿಡವೆಂದು ತಿಳಿಯಿರಿ.

ನನ್ನ ಮೊದಲ ಸೀಸೆಯಲ್ಲಿ ೩೦ ಸಸಿಗಳಿದ್ದುವು. ಒಂದೊಂದೂ ಬೆರಳಿನ ಒಂದು ಗೆಣ್ಣಿನಷ್ಟು ಉದ್ದ. ಎರಡು ಮೂರು ಎಲೆ, ಎರಡು ಮೂರು ಬೇರು. ಭೂಮಿತಾಯಿ ಅನ್ನಪೂರ್ಣೆ ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟ ಅಭ್ಯಾಸ ನನ್ನದು. ಕರಟಗಳಲ್ಲಿ ಕೆಮ್ಮಣ್ಣು, ಹಳೆಯ ಕೊಟ್ಟಿಗೆಗೊಬ್ಬರ ತುಂಬಿ, ಸಸಿಗಳನ್ನು ಭಕ್ತಿಯಿಂದ ನೆಟ್ಟು, ಬೆಳಗ್ಗೆ ಸಂಜೆ ನೀರೆರೆದೆ. ಜೂನ್ ತಿಂಗಳ ಮೂರು ವಾರಗಳಲ್ಲಿ ಒಂದೂ ಉಳಿಯದೆ ಕರಗಿಹೋದುವು. ಕರಗಿದುವು ಎನ್ನುವುದು ಅಲಂಕಾರವಲ್ಲ; ಮುಟ್ಟಿದರೆ ಬೆರಳಿಗೆ ಲೋಳೆ ಹತ್ತುತ್ತಿತ್ತು. ಬಾಯಾರಿಕೆಯಿಂದಲ್ಲ, ಉಸಿರುಕಟ್ಟಿ ಸತ್ತುವು ಎಂದು ನನಗೆ ಆಮೇಲೆ ತಿಳಿಯಿತು.

ಸೀತಾಳೆಯ ಬೇರನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಒಣಗಿರುವಾಗ ಅದು ಬೆಳ್ಳಿಯ ತಂತಿಯ ಹಾಗೆ ಬೂದುಬಿಳುಪು. ತುದಿ ಮಾತ್ರ ಹಸುರು. ಬಿಳಿಯಾಗಿ ಕಾಣುವುದು ಬೇರಿನ ಹೊರಹೊದಿಕೆ. ಸತ್ತ ಜೀವಕೋಶಗಳ ನಾಲ್ಕಾರು ಪದರಗಳಿಂದಾದ ಒಂದು ಬಗೆಯ ಹತ್ತಿಬಟ್ಟೆ ಎನ್ನಬಹುದು. ಒಣಗಿದಾಗ ಅದರ ತುಂಬ ಗಾಳಿ. ಮಳೆಯ ಹನಿ ಬಿದ್ದರೆ ಆ ಹೊದಿಕೆ ಕ್ಷಣಾರ್ಧದಲ್ಲಿ ನೀರನ್ನು ಹೀರಿಕೊಳ್ಳುತ್ತದೆ. ಒಳಗಿನ ಹಸುರು ಆಗ ಹೊರಗೆ ಕಾಣುತ್ತದೆ. ಹೀರಿದ್ದನ್ನು ಮುಂದಿನ ಕೆಲವು ಗಂಟೆಗಳಲ್ಲಿ ನಿಧಾನವಾಗಿ ಒಳಗಿನ ಬೇರಿಗೆ ಕೊಟ್ಟು, ಉಳಿದದ್ದನ್ನು ಗಾಳಿಗೆ ಬಿಟ್ಟು, ಮತ್ತೆ ಬಿಳುಪಾಗುತ್ತದೆ. ನೆನೆಯುವುದು, ಒಣಗುವುದು, ಈ ಎರಡು ಹೆಜ್ಜೆಯ ನಡಿಗೆಯೇ ಅದರ ಬಾಳು. ಮಣ್ಣಿನಲ್ಲಿ ಹೂತರೆ ಎರಡನೆಯ ಹೆಜ್ಜೆಗೆ ಅವಕಾಶವೇ ಇಲ್ಲ. ಕುಂಡದ ಬಾಯಿ ಒಣಗಿದಂತೆ ಕಂಡರೂ ತಳದಲ್ಲಿ ತೇವ ನಿಂತಿರುತ್ತದೆ, ಗಾಳಿ ಸುಳಿಯುವುದಿಲ್ಲ, ಕೊಳೆಸುವ ಶಿಲೀಂಧ್ರಕ್ಕೆ ಹಬ್ಬ. ತೂಗುಬುಟ್ಟಿಗಾದರೋ ಆರು ಮೈಯಲ್ಲಿಯೂ ಗಾಳಿ. ಬುಟ್ಟಿ ಎಂದರೆ ಚಿಕ್ಕದಾದ ಕುಂಡವಲ್ಲ. ಮನೆಯ ಸೂರಿಗೆ ಬಂದ ಮರದ ಕೊಂಬೆ.

ಎರಡನೆಯ ಸೀಸೆಯನ್ನು ಒಡೆದದ್ದು ಈ ಜ್ಞಾನೋದಯವಾದ ಮೇಲೆ. ಸೀಸೆಯಿಂದ ಸಸಿ ತೆಗೆಯುವುದು ಸೂಕ್ಷ್ಮದ ಕೆಲಸ. ಬಾಯಿ ಅಗಲವಿದ್ದರೆ ಒಳಕ್ಕೆ ಸ್ವಲ್ಪ ನೀರು ಬಿಟ್ಟು ಅಲುಗಿಸಿ ಮೆಲ್ಲನೆ ಸುರಿದುಕೊಳ್ಳಬಹುದು. ಕಿರಿದಾಗಿದ್ದರೆ ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿ ಹಗುರವಾಗಿ ಒಡೆಯಬೇಕಾಗುತ್ತದೆ. ಬೇರಿಗೆ ಅಂಟಿದ ಅಗರನ್ನು ಶುದ್ಧವಾದ ನೀರಿನಲ್ಲಿ ಎರಡು ಮೂರು ಸಲ ತೊಳೆದು ಪೂರ್ತಿ ತೆಗೆಯತಕ್ಕದ್ದು. ಸ್ವಲ್ಪ ಉಳಿದರೂ ಅದರಲ್ಲಿರುವ ಸಕ್ಕರೆಗೆ ಬೂಷ್ಟು ಹಿಡಿಯುತ್ತದೆ. ಆಮೇಲೆ ತೋಟಗಾರಿಕೆಯ ಅಂಗಡಿಯಲ್ಲಿ ಸಿಕ್ಕುವ ಶಿಲೀಂಧ್ರನಾಶಕವೊಂದನ್ನು ಪೊಟ್ಟಣದ ಮೇಲೆ ಹೇಳಿರುವ ಅಳತೆಯಲ್ಲಿ ಕರಗಿಸಿ, ಸಸಿಗಳನ್ನು ಅದ್ದಿ, ಕಾಗದದ ಮೇಲೆ ಹರಡಿ ಆರಿಸಬೇಕು. ಸೀಸೆಯೊಳಗೆ ಗಾಳಿಮಳೆ ಕಾಣದೆ, ಸದಾ ಆವಿಯಲ್ಲಿ ಬೆಳೆದ ಕೂಸುಗಳು ಅವು. ಅವುಗಳನ್ನು ಅಂದೇ ಬಯಲಿಗೆ ತೂಗುಹಾಕುವುದು ತೊಟ್ಟಿಲ ಮಗುವನ್ನು ಜಾತ್ರೆಯಲ್ಲಿ ಬಿಟ್ಟ ಹಾಗೆ. ಆದ್ದರಿಂದ ಮೊದಲ ಆರು ತಿಂಗಳು ಹತ್ತು ಹದಿನೈದನ್ನು ಒಟ್ಟಿಗೆ ಒಂದೇ ಅಗಲಬಾಯಿಯ ಕುಂಡದಲ್ಲಿ, ಸಣ್ಣ ಇದ್ದಲು ಚೂರು ಮತ್ತು ತೆಂಗಿನ ಸಿಪ್ಪೆಯ ಚೂರುಗಳ ನಡುವೆ ನಿಲ್ಲಿಸಬೇಕು. ಒಟ್ಟಿಗಿದ್ದರೆ ಒಂದರ ತಂಪು ಇನ್ನೊಂದಕ್ಕೆ ಆಸರೆ. ಬಯಲುಸೀಮೆಯವರು ಮೊದಲ ಎರಡು ಮೂರು ವಾರ ಕುಂಡದ ಮೇಲೆ ತೂತುಮಾಡಿದ ಪ್ಲಾಸ್ಟಿಕ್ ಚೀಲವನ್ನು ಸಡಿಲವಾಗಿ ಕವಿಚಿಟ್ಟರೆ ಒಳ್ಳೆಯದು. ನಮ್ಮ ಕಡೆ ಅದು ಬೇಕಿಲ್ಲ.

ಹೊಸ ಎಲೆಯೊಂದು ಮೂಡಿ, ಹೊಸ ಬೇರಿನ ಹಸುರು ತುದಿ ಹೊರಟಿತೆಂದರೆ ಸಸಿ ಬುಟ್ಟಿಗೆ ಸಿದ್ಧವಾಯಿತು. ಬುಟ್ಟಿ ಅಂಗಡಿಯದೇ ಆಗಬೇಕೆಂದಿಲ್ಲ. ನಾನು ಒಣಗಿದ ಅಡಿಕೆ ದಬ್ಬೆಯನ್ನು ಬೆರಳಗಲದ ಪಟ್ಟಿಗಳಾಗಿ ಸೀಳಿ, ನಾಲ್ಕು ಅಂಗುಲ ಉದ್ದಕ್ಕೆ ಕತ್ತರಿಸಿ, ಮಕ್ಕಳು ಬೆಂಕಿಕಡ್ಡಿಯಲ್ಲಿ ಮನೆ ಕಟ್ಟುವ ಹಾಗೆ ಎರಡು ಆಚೆ, ಎರಡು ಈಚೆ ಎಂದು ಪೇರಿಸಿ, ನಾಲ್ಕು ಮೂಲೆಗಳಲ್ಲಿಯೂ ತೂತು ಕೊರೆದು ತಂತಿ ಪೋಣಿಸುತ್ತೇನೆ. ತಳಕ್ಕೆ ಮೂರು ಪಟ್ಟಿ ಸಾಕು. ತಂತಿ ಮಾತ್ರ ತಾಮ್ರದ್ದಾಗಬಾರದು. ತಾಮ್ರ ಈ ಬೇರುಗಳಿಗೆ ವಿಷ. ತುಕ್ಕು ಹಿಡಿಯದ ಉಕ್ಕಿನದೋ ಅಲ್ಯೂಮಿನಿಯಂನದೋ ಒಳ್ಳೆಯದು. ದಬ್ಬೆ ಸಿಕ್ಕದ ಊರಿನವರು ತೇಗದ ಚೂರುಪಟ್ಟಿಗಳಿಂದ ಮಾಡಬಹುದು. ಹಲವು ತೂತು ಕೊರೆದ ಕರಟವೂ ಆದೀತು, ಆದರೆ ಎರಡು ವರ್ಷದಲ್ಲಿ ಇಕ್ಕಟ್ಟಾಗುತ್ತದೆ. ಸಣ್ಣ ಸಸಿಗೆ ದೊಡ್ಡ ಬುಟ್ಟಿ ಮಾಡಬೇಡಿ. ಮಗ ಬೆಳೆಯುತ್ತಾನೆಂದು ಅಪ್ಪನ ಅಂಗಿ ಹೊಲಿಸಿದ ಹಾಗಾಗುತ್ತದೆ. ಒಳಗೆ ತುಂಬಿದ್ದೆಲ್ಲ ಬೇಗ ಒಣಗದೆ ತೇವ ನಿಲ್ಲುತ್ತದೆ.

ಬುಟ್ಟಿಯೊಳಗೆ ತುಂಬುವುದಕ್ಕೆ ಇದ್ದಲು ಎಲ್ಲಕ್ಕಿಂತ ಮೇಲು. ಕೊಳೆಯುವುದಿಲ್ಲ, ಹಗುರ, ಬೇರು ಅದನ್ನು ಪ್ರೀತಿಯಿಂದ ಅಪ್ಪಿಕೊಳ್ಳುತ್ತದೆ. ನೆಲ್ಲಿಕಾಯಿ ಗಾತ್ರದ ತುಂಡುಗಳನ್ನು ತೊಳೆದು, ಮಸಿಪುಡಿಯನ್ನೆಲ್ಲ ಕಳೆದು ಬಳಸಬೇಕು. ಪುಡಿ ಉಳಿದರೆ ಸಂದುಗಳು ಮುಚ್ಚಿ ಗಾಳಿ ಆಡದು. ಒಡೆದ ಹೆಂಚಿನ ಚೂರುಗಳನ್ನೂ ಬೆರೆಸಬಹುದು. ಬಳ್ಳಾರಿ, ರಾಯಚೂರಿನಂಥ ಒಣಹವೆಯ ಊರುಗಳಲ್ಲಿ ಬರಿಯ ಇದ್ದಲು ಸಾಲದು. ನಾಲ್ಕರಲ್ಲೊಂದು ಪಾಲು ತೆಂಗಿನ ಸಿಪ್ಪೆಯ ತುಂಡುಗಳಿರಲಿ. ಸಿಪ್ಪೆಯನ್ನು ಮೊದಲು ನಾಲ್ಕೈದು ದಿನ ನೀರಿನಲ್ಲಿ ನೆನೆಹಾಕಿ, ದಿನವೂ ನೀರು ಬದಲಿಸುತ್ತ, ಕಂದುಬಣ್ಣದ ಒಗರೂ ಉಪ್ಪೂ ಹೋಗುವಂತೆ ಮಾಡಬೇಕು. ನಮ್ಮ ಮಲೆನಾಡಿನಲ್ಲಿ ಮಳೆಗಾಲಕ್ಕೆ ಸಿಪ್ಪೆ ಹಾಕುವುದೆಂದರೆ ಕೊಳೆಗೆ ಕರೆಯೋಲೆ ಕಳುಹಿಸಿದಂತೆ.

ನೆಡುವುದಕ್ಕೆ ಮುಂಚೆ ಸಸಿಯ ಬೇರುಗಳನ್ನು ಹತ್ತು ನಿಮಿಷ ನೀರಿನಲ್ಲಿ ಇಡಿ. ಒಣಬೇರು ಚಕ್ಕನೆ ಮುರಿಯುತ್ತದೆ. ನೆನೆದ ಬೇರು ಬಾಗುತ್ತದೆ. ತಳದಲ್ಲಿ ಎರಡು ಸಾಲು ಇದ್ದಲು ಹರಡಿ, ಸಸಿಯನ್ನು ನಡುವೆ ನಿಲ್ಲಿಸಿ, ಬೇರುಗಳನ್ನು ಪಟ್ಟಿಗಳ ಸಂದಿಯಲ್ಲಿ ಹೊರಕ್ಕೋ ಒಳಕ್ಕೋ ಅವು ಹೋಗುವ ಕಡೆಗೆ ಬಿಟ್ಟು, ಸುತ್ತ ನಾಲ್ಕು ತುಂಡು ಆನಿಸಿದರೆ ಮುಗಿಯಿತು. ಬುಡವನ್ನು ಹೂಳಬಾರದು, ಅದು ಇದ್ದಲಿನ ಮೇಲೆ ಕುಳಿತಿರಬೇಕು. ಅಲುಗಾಡದಂತೆ ಒಂದು ಹತ್ತಿಯ ದಾರದಿಂದ ಪಟ್ಟಿಗೆ ಕಟ್ಟಿ. ಅಲುಗುವ ಸಸಿ ಬೇರೂರುವುದಿಲ್ಲ. ಹೊಸ ಬೇರಿನ ತುದಿ ಪ್ರತಿಸಲವೂ ಉಜ್ಜಿ ನಿಂತುಹೋಗುತ್ತದೆ. ಆ ದಾರ ತಾನೇ ಕೊಳೆತು ಬೀಳುವ ವೇಳೆಗೆ ಬೇರು ಪಟ್ಟಿಯನ್ನು ಹಿಡಿದಿರುತ್ತದೆ. ಬೇರುಗಳು ಬುಟ್ಟಿಯಿಂದ ಹೊರಗೆ ನೇತಾಡತೊಡಗಿದಾಗ ಎಷ್ಟೋ ಮಂದಿ ಗಾಬರಿಯಾಗಿ ಒಳಗೆ ತುರುಕುತ್ತಾರೆ, ಇಲ್ಲವೆ ಕತ್ತರಿಸುತ್ತಾರೆ. ಹಾಗೆ ಮಾಡಬೇಡಿ, ಆ ನೇತಾಡುವ ಬೇರೇ ಗಿಡದ ಸಂಪತ್ತು.

ತೂಗುಹಾಕುವ ಜಾಗ ಮೂಡಣ ದಿಕ್ಕಿನ ಜಗಲಿಯ ಸೂರಾದರೆ ಲೇಸು. ಬೆಳಗಿನ ಎಳೆಬಿಸಿಲು ಒಂದೆರಡು ಗಂಟೆ ಬೀಳಲಿ. ಮಧ್ಯಾಹ್ನದ ಉರಿ ಬೇಡ. ಹಾಗೆ ಸಿಕ್ಕದಿದ್ದರೆ ಅರ್ಧ ಬಿಸಿಲನ್ನು ತಡೆಯುವ ನೆರಳುಬಲೆಯನ್ನು ಕಟ್ಟಿಕೊಳ್ಳಬಹುದು. ಬೆಳಕು ಸರಿಯಾಗಿದೆಯೆ ಎಂಬುದನ್ನು ಎಲೆಯೇ ಹೇಳುತ್ತದೆ. ಎಲೆ ಗಾಢ ಹಸುರಾಗಿ ಮೆತ್ತಗೆ ಉದ್ದವಾದರೆ ಬೆಳಕು ಸಾಲದು. ಹಳದಿಗೆ ತಿರುಗಿದರೆ ಹೆಚ್ಚಾಯಿತು. ಎಳೆಹಸುರಾಗಿ ಗಟ್ಟಿಯಾಗಿದ್ದರೆ ಹಿತವಾಗಿದೆ. ಬುಟ್ಟಿಯಿಂದ ಬುಟ್ಟಿಗೆ ಒಂದು ಗೇಣಾದರೂ ಅಂತರವಿರಲಿ. ಒಂದರ ಕೆಳಗೊಂದು ತೂಗುಹಾಕಿದರೆ ಮೇಲಿನದರ ನೀರು, ಅದರ ರೋಗ, ಎರಡೂ ಕೆಳಗಿನದಕ್ಕೆ ಇಳಿಯುತ್ತವೆ.

ಇನ್ನು ನೀರು. ಇದರ ಮೇಲೆ ನಮ್ಮ ಮನೆಯಲ್ಲಿ ನಡೆದಷ್ಟು ವಾದ ಬೇರಾವುದರ ಮೇಲೂ ನಡೆದಿಲ್ಲ. ನಮ್ಮ ಮನೆಯಾಕೆಗೆ ಬಿಳಿಯ ಬೇರನ್ನು ಕಂಡರೆ, “ಪಾಪ, ಒಣಗಿಹೋಗಿದೆ” ಎಂದು ಕರುಳು ಮಿಡಿಯುತ್ತದೆ. ನನಗೂ ಮೊದಲು ಹಾಗೆಯೇ ಆಗುತ್ತಿತ್ತು. ಈಗ ನಮ್ಮ ನಡುವೆ ಒಂದು ಒಪ್ಪಂದವಾಗಿದೆ: ಬೇರು ಹಸುರಾಗಿದ್ದರೆ ಕೈ ಕಟ್ಟಿಕೊಳ್ಳುವುದು, ಪೂರ್ತಿ ಬೆಳ್ಳಗಾದ ಮೇಲೆ ನೀರು ಕೊಡುವುದು, ಕೊಟ್ಟರೆ ಧಾರಾಳವಾಗಿ, ತಳದಿಂದ ಸುರಿಯುವಂತೆ ಕೊಡುವುದು. ಚಿಮುಕಿಸಿದಂತೆ ಮಾಡಿ ಬಿಡುವುದು ಉಪಕಾರವಲ್ಲ. ಹೊತ್ತು ಬೆಳಗಿನದೇ ಆಗಬೇಕು. ರೇಡಿಯೋದಲ್ಲಿ ಬೆಳಗಿನ ವಾರ್ತೆ ಮುಗಿಯುವಷ್ಟರಲ್ಲಿ ನನ್ನ ಬುಟ್ಟಿಗಳ ಸ್ನಾನವೂ ಮುಗಿದಿರುತ್ತದೆ. ಸಂಜೆ ನೀರೆರೆದರೆ ಎಲೆಗಳ ನಡುವಿನ ಸುಳಿಯಲ್ಲಿ ಇರುಳೆಲ್ಲ ನೀರು ನಿಂತು, ಸುಳಿ ಕಪ್ಪಾಗಿ ಕೊಳೆಯುತ್ತದೆ. ಸೀತಾಳೆ ಬೆಳೆಯುವುದು ಆ ಒಂದೇ ಸುಳಿಯಿಂದ. ಎಳೆಯ ಸಸಿಯಲ್ಲಿ ಅದು ಹೋದರೆ ಸಾಮಾನ್ಯವಾಗಿ ಸಸಿಯೇ ಹೋದಂತೆ. ಬೇಸಗೆಯಲ್ಲಿ ದಿನಕ್ಕೊಮ್ಮೆ, ಬಯಲುಸೀಮೆಯಲ್ಲಿ ಎರಡು ಸಲ ಬೇಕಾದೀತು. ಎರಡನೆಯದನ್ನು ಮಧ್ಯಾಹ್ನ ಮೂರು ಗಂಟೆಯೊಳಗೆ ಮುಗಿಸಿ. ಗಡಸುನೀರಿನ ಕೊಳವೆಬಾವಿಗಿಂತ ಹಿಡಿದಿಟ್ಟ ಮಳೆನೀರು ಎಷ್ಟೋ ಮೇಲು.

ಇಲ್ಲಿ ಒಂದು ಸ್ವಾರಸ್ಯವನ್ನು ಹೇಳದೆ ಇರಲಾರೆ. ಹೆಚ್ಚಿನ ಗಿಡಗಳು ಹಗಲಿನಲ್ಲಿ ಎಲೆಯ ಸಣ್ಣ ರಂಧ್ರಗಳನ್ನು ತೆರೆದು ಗಾಳಿಯಿಂದ ಇಂಗಾಲಾಮ್ಲವನ್ನು ತೆಗೆದುಕೊಳ್ಳುತ್ತವೆ. ಬಿಸಿಲಿಗೆ ಬಾಯಿ ತೆರೆದರೆ ನೀರು ಆರಿಹೋಗುತ್ತದಷ್ಟೆ? ಕೊಂಬೆಯ ಮೇಲಿನ ಬಡವಿಯಾದ ಸೀತಾಳೆಗೆ ಆ ದುಂದು ಒಗ್ಗದು. ಅದು ಹಗಲು ಬಾಯಿ ಮುಚ್ಚಿಕೊಂಡಿದ್ದು, ರಾತ್ರಿಯ ತಂಪಿನಲ್ಲಿ ತೆರೆದು, ಪಡೆದದ್ದನ್ನು ಹುಳಿಯ ರೂಪದಲ್ಲಿ ಕೂಡಿಟ್ಟು, ಮರುದಿನದ ಬೆಳಕಿನಲ್ಲಿ ಸಕ್ಕರೆ ಮಾಡಿಕೊಳ್ಳುತ್ತದೆ. ಗಿಡಗಳ ಈ ನಡವಳಿಕೆಯ ಸುಳಿವನ್ನು ಬಹಳ ಹಿಂದೆ ಕೊಟ್ಟವರಲ್ಲಿ ಒಬ್ಬರು ಬೆಂಜಮಿನ್ ಹೇನ್. ನಮ್ಮ ಬೆಂಗಳೂರಿನ ಲಾಲ್‌ಬಾಗಿನೊಡನೆಯೂ ಸಂಬಂಧವಿದ್ದ ಸಸ್ಯಶಾಸ್ತ್ರಜ್ಞರು. ಕಾಡುಬಸಳೆಯ ಎಲೆ ಬೆಳಗ್ಗೆ ಅಗಿದರೆ ಹುಳಿ, ಮಧ್ಯಾಹ್ನಕ್ಕೆ ಸಪ್ಪೆ ಎಂದು ಅವರು ಕಂಡದ್ದು ೧೮೧೫ರಲ್ಲಿ ಪ್ರಕಟವಾಯಿತು. ನಿಮ್ಮ ಹಿತ್ತಿಲಿನಲ್ಲಿ ಕಾಡುಬಸಳೆಯಿದ್ದರೆ ಅಗಿದು ನೋಡಬಹುದು. ಹೀಗೆ ಕಾಸಿಗೆ ಕಾಸು ಕೂಡಿಡುವ ಗಿಡ ಬೇಗ ಬೆಳೆಯಬೇಕೆಂದರೆ ಹೇಗೆ ಬೆಳೆದೀತು? ವರ್ಷಕ್ಕೆ ಎರಡು ಮೂರು ಎಲೆ ಬಂದರೆ ಸಮಾಧಾನಪಡಬೇಕು.

ಗೊಬ್ಬರದ ಮಾತೂ ಅಂತೆಯೇ. ಕಾಡಿನಲ್ಲಿ ಇದಕ್ಕೆ ಸಿಕ್ಕುವುದು ಮಳೆ ತೊಳೆದು ತಂದ ಧೂಳು, ಹಕ್ಕಿಯ ಹಿಕ್ಕೆ, ಕೊಳೆತ ಎಲೆಯ ರಸ. ಅದೂ ಬಹಳ ತೆಳು. ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮನಾಗಿರುವ, ನೀರಿನಲ್ಲಿ ಕರಗುವ ಗೊಬ್ಬರವನ್ನು ಒಂದು ಲೀಟರಿಗೆ ಅರ್ಧ ಗ್ರಾಮಿನಂತೆ ಕರಗಿಸಿ ವಾರಕ್ಕೊಮ್ಮೆ ಕೊಟ್ಟರೆ ಸಾಕು. ಬೇರನ್ನು ಮೊದಲು ನೀರಿನಿಂದ ನೆನೆಸಿ ಆಮೇಲೆ ಗೊಬ್ಬರದ ನೀರು ಕೊಡಿ. ತಿಂಗಳಿಗೊಂದು ವಾರ ಗೊಬ್ಬರ ಬಿಟ್ಟು ಬರಿಯ ನೀರಿನಿಂದ ಚೆನ್ನಾಗಿ ತೊಳೆಯಿರಿ, ಇಲ್ಲದಿದ್ದರೆ ಇದ್ದಲಿನ ಮೇಲೆ ಉಪ್ಪಿನ ಬಿಳಿಗೆರೆ ಕಟ್ಟುತ್ತದೆ, ಬೇರಿನ ತುದಿ ಸುಡುತ್ತದೆ.

ಸಸಿಗಳಿಗೆ ನಮ್ಮಲ್ಲಿ ನಿಜವಾದ ಪರೀಕ್ಷೆ ಬೇಸಗೆಯಲ್ಲ, ಆಷಾಢ ಶ್ರಾವಣ. ಕಾಡಿನ ಗಿಡ ಅದೇ ಮಳೆಯಲ್ಲಿ ಬದುಕುವುದಿಲ್ಲವೆ ಎಂದು ಕೇಳಬಹುದು. ದೊಡ್ಡ ಗಿಡ ಬದುಕುತ್ತದೆ. ಕೊಂಬೆಗೆ ವಾಲಿಕೊಂಡಿರುವ ಅದರ ಸುಳಿಯಲ್ಲಿ ನೀರು ನಿಲ್ಲುವುದಿಲ್ಲ. ಸಸಿಗಳ ಲೆಕ್ಕವೇ ಬೇರೆ. ಕಾಡಿನಲ್ಲಿ ಸಾವಿರಗಟ್ಟಲೆ ಬೀಜಗಳಲ್ಲಿ ಉಳಿಯುವುದು ಒಂದೋ ಎರಡೋ. ನಮಗೆ ಆ ಲೆಕ್ಕ ಆಗದು. ಜೂನ್ ಮೊದಲ ವಾರದಲ್ಲಿಯೇ ಬುಟ್ಟಿಗಳನ್ನು ಇರಚಲು ಹೊಡೆಯದ ಒಳಜಗಲಿಗೆ ಸಾಗಿಸಿ, ಸೆಪ್ಟೆಂಬರ್ ಮುಗಿಯುವ ತನಕ ಅಲ್ಲಿಯೇ ಇಡುತ್ತೇನೆ. ನಾಲ್ಕಾರು ದಿನ ನೀರೇ ಬೇಡವಾಗುವುದುಂಟು. ಎಲೆಯ ಬುಡದಲ್ಲಿ ನೀರಿನಲ್ಲಿ ನೆನೆದಂಥ ಕಪ್ಪು ಮಚ್ಚೆ ಕಂಡರೆ ತಡಮಾಡದೆ, ಉರಿಯಲ್ಲಿ ಕಾಯಿಸಿ ಆರಿಸಿದ ಅಲಗಿನಿಂದ ಆ ಭಾಗವನ್ನು ಒಳ್ಳೆಯ ಹಸುರು ಸಿಕ್ಕುವ ತನಕ ಕತ್ತರಿಸಿ, ಗಾಯಕ್ಕೆ ಶಿಲೀಂಧ್ರನಾಶಕ ಹಚ್ಚಿ, ಆ ಬುಟ್ಟಿಯನ್ನು ಉಳಿದವುಗಳಿಂದ ದೂರವಿಡಬೇಕು.

ಶತ್ರುಗಳು ಬಹಳವಿಲ್ಲ. ಸಿಂಬಳದ ಹುಳು, ಬಸವನಹುಳು, ಜಿರಲೆ, ಈ ಮೂರೂ ರಾತ್ರಿ ಬಂದು ಹೊಸ ಬೇರಿನ ತುದಿಯನ್ನು ಮೆಲ್ಲುತ್ತವೆ. ತೂಗುಹಾಕಿದ ಬುಟ್ಟಿಗೆ ಅವು ಏರುವುದು ಕಷ್ಟ. ಕುಂಡಕ್ಕಿಂತ ಬುಟ್ಟಿ ಮೇಲೆನ್ನುವುದಕ್ಕೆ ಇದೂ ಒಂದು ಕಾರಣ. ಇರುವೆಗಳ ಸಾಲು ಕಂಡರೆ ಹಿಟ್ಟುತಿಗಣೆ ಬಂದಿದೆಯೆ ಎಂದು ಎಲೆಯ ಕಂಕುಳಲ್ಲಿ ನೋಡಿ, ಒದ್ದೆಯ ಹತ್ತಿಯಿಂದ ಒರೆಸಿ ತೆಗೆಯಿರಿ. ನಮ್ಮಲ್ಲಿ ಒಂದು ಸೂರಕ್ಕಿ ಎರಡು ವರ್ಷ ಬುಟ್ಟಿಯ ದಾರವನ್ನೇ ಹಿರಿದುಕೊಂಡು ಹೋಗಿ ಗೂಡು ಕಟ್ಟಿತು. ಅದನ್ನು ಶತ್ರುಗಳ ಪಟ್ಟಿಗೆ ಸೇರಿಸಲು ಮಗಳು ಒಪ್ಪಲಿಲ್ಲ.

ಎರಡನೆಯ ಸೀಸೆಯ ೨೫ ಸಸಿಗಳಲ್ಲಿ ಒಟ್ಟುಕುಂಡದಿಂದ ಬುಟ್ಟಿಗೆ ಬಂದುವು ೧೪. ಮೊದಲ ಮಳೆಗಾಲವನ್ನು ದಾಟಿದುವು ೯. ಈಗ ಇರುವುವು ೭. ವಿಜ್ಞಾನದ ಮೇಷ್ಟ್ರಾದ ನನ್ನ ಗೆಳೆಯರ ಕೈಯಲ್ಲಾದರೆ ಇನ್ನೂ ಹೆಚ್ಚು ಉಳಿಯುತ್ತಿದ್ದುವೇನೋ. ಸೀಸೆಯಿಂದ ಹೊರಗೆ ಬಂದ ಮೇಲೆ ಹೂ ಬಿಡಲು ನಾಲ್ಕೈದು ವರ್ಷ ಬೇಕು. ನಾನು ನಿವೃತ್ತನಾಗುವುದು ಮೊದಲೋ ಇದು ಹೂ ಬಿಡುವುದು ಮೊದಲೋ ಎಂದು ಶಾಲೆಯಲ್ಲಿ ಹಾಸ್ಯಮಾಡುತ್ತಿದ್ದರು.

ಈ ನಡುವೆ ಗಿಡ ಬುಟ್ಟಿಯನ್ನು ಮೀರಿ ಬೆಳೆಯುತ್ತದೆ. ಆಗ ಅದನ್ನು ಬಿಡಿಸಲು ಹೋಗಬೇಡಿ. ಬೇರು ಪಟ್ಟಿಗಳನ್ನು ಎಷ್ಟು ಬಿಗಿಯಾಗಿ ಹಿಡಿದಿರುತ್ತದೆಂದರೆ ಬಿಡಿಸುವುದಕ್ಕೂ ಸಂತೆಯವನು ಕೊಂಬೆಯಿಂದ ಹರಿದುದಕ್ಕೂ ವ್ಯತ್ಯಾಸವಿಲ್ಲ. ಹಳೆಯ ಬುಟ್ಟಿಯನ್ನು ಇದ್ದ ಹಾಗೆಯೇ ಆರೋ ಎಂಟೋ ಅಂಗುಲದ ಹೊಸ ಬುಟ್ಟಿಯೊಳಗೆ ಇಳಿಸಿ, ಸುತ್ತಲೂ ನಾಲ್ಕು ತುಂಡು ಇದ್ದಲು ಹಾಕಿದರೆ ಸಾಕು. ಬೇರು ತಾನೇ ದಾರಿ ಹುಡುಕಿಕೊಳ್ಳುತ್ತದೆ. ಈ ಕೆಲಸಕ್ಕೆ ಹೊಸ ಬೇರು ಹೊರಡುವ ಕಾಲ ಒಳ್ಳೆಯದು. ತೂಗುಹಾಕುವಾಗ ಮುಂಚೆ ಬೆಳಕಿಗೆ ಮುಖವಿದ್ದ ಮಗ್ಗುಲೇ ಮತ್ತೆ ಬೆಳಕಿಗೆ ಇರಲಿ.

ಹೀಗೆ ಎರಡನೆಯ ಬುಟ್ಟಿಗೆ ಇಳಿದ ಒಂದು ಗಿಡದಲ್ಲಿ, ಐದನೆಯ ವರ್ಷದ ಏಪ್ರಿಲಿನಲ್ಲಿ, ಎಲೆಯ ಸಂದಿಯಿಂದ ಬೇರಿನಂಥದೊಂದು ಮೊಳಕೆ ಹೊರಟಿತು. ಬೇರೆಂದೇ ತಿಳಿದು ಸುಮ್ಮನಿದ್ದೆ. ಮಗಳು ಕಂಡು ಹೇಳಿದಳು. ಮೇ ಕೊನೆಯ ವಾರಕ್ಕೆ ದಂಡೆ ಬಿರಿಯಿತು. ಗೇಣಿಗಿಂತ ಸ್ವಲ್ಪ ಕಡಮೆ. ಅವಳು ಎಣಿಸಿದಾಗ ೪೨ ಹೂಗಳಿದ್ದುವು. ಹಳೆಯ ಮಾವಿನಮರದ ದಂಡೆಯ ಮುಂದೆ ಅದು ಮಗು. ಮೊದಲ ದಂಡೆ ದೇವರಿಗೆ ಸಲ್ಲಬೇಕಾದದ್ದು, ಆದರೆ ಕೊಯ್ಯಲು ಮನೆಯಲ್ಲಿ ಯಾರಿಗೂ ಮನಸ್ಸು ಬರಲಿಲ್ಲ. ಬುಟ್ಟಿಯನ್ನೇ ಕೆಳಗಿಳಿಸಿ, ನಮ್ಮ ತಾಯಿಯವರು ಇಟ್ಟಿದ್ದ ಆ ಪಟದ ಪಕ್ಕದ ಮೊಳೆಗೆ ಒಂದು ಸಂಜೆ ತೂಗುಹಾಕಿದೆವು. ಮರುದಿನ ಬೆಳಗ್ಗೆ ಅದರ ಬೇರು ಬೆಳ್ಳಗಾಗಿತ್ತು. ನೀರು ಕೊಟ್ಟು, ಹಿಂದಿನ ದಿಕ್ಕಿಗೇ ಮುಖ ಮಾಡಿ ಸೂರಿಗೆ ಮರಳಿಸಿದೆವು.